ಸೀಟಿನ ಬೂಷ್ಟು ತೆಗೆಯಲು ಹೋಗಿ ನೀರಿನ ದಾರಿ ಹುಡುಕಿದ್ದು

ಆಯುಧ ಪೂಜೆಯ ಹಿಂದಿನ ದಿನ ತೊಳೆಯೋಣ ಅಂತ ಕಾರನ್ನು ಶೆಡ್ಡಿನಿಂದ ಹೊರಗೆ ತಂದೆ. ಬಾಗಿಲು ತೆಗೆದ ಕೂಡಲೇ ನೆನೆದ ಗೋಣಿಚೀಲದ ವಾಸನೆ ಬಂತು. ಹಿಂದಿನ ಸೀಟಿನ ಮೇಲೆ ಬೂದಿ ಉದುರಿಸಿದ ಹಾಗೆ ಬೂಷ್ಟು. ಸ್ಟೀರಿಂಗ್, ಗೇರ್ ಹಿಡಿ, ಸೀಟ್ ಬೆಲ್ಟ್, ಎಲ್ಲದರ ಮೇಲೂ ಚುಕ್ಕೆಗಳು. ಒಂದು ಕಡೆಯಂತೂ ಹಸಿರು ಬಣ್ಣಕ್ಕೆ ತಿರುಗಿತ್ತು.

ಇದು ಅಪ್ಪನ ಕಾರು. 2008ರ ಸೆಡಾನ್. ಒಳಗೆ ಕೆನೆ ಬಣ್ಣದ ಲೆದರ್ ಸೀಟು. ತಗೊಂಡ ವರ್ಷ ಅಪ್ಪ ಅದರ ಮೇಲೆ ಯಾರನ್ನೂ ಒದ್ದೆ ಬಟ್ಟೆಯಲ್ಲಿ ಕೂರಲು ಬಿಡುತ್ತಿರಲಿಲ್ಲ. ನಮ್ಮ ಕಾಫಿ ತೋಟ ಇರುವುದು ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಹತ್ತಿರ. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೂ ಬಟ್ಟೆ ಒಣಗುವುದಿಲ್ಲ. ಈ ಸಲ ಅಪ್ಪನಿಗೆ ಮೊಣಕಾಲು ನೋವು ಜಾಸ್ತಿಯಾಗಿ ಕಾರು ಓಡಿಸಲಿಲ್ಲ. ಪೇಟೆಗೆ ಹೋಗುವುದಕ್ಕೆಲ್ಲ ಜೀಪೇ ಆಯಿತು. ಕಾರು ಎರಡೂವರೆ ತಿಂಗಳು ಗಾಜು ಏರಿಸಿಕೊಂಡು ನಿಂತಲ್ಲೇ ನಿಂತಿತ್ತು.

"ಬೂಷ್ಟು ತಾನೆ, ಒದ್ದೆ ಬಟ್ಟೇಲಿ ಒರೆಸಿದ್ರೆ ಹೋಗುತ್ತೆ ಬಿಡು" ಅಂದರು ಅಮ್ಮ. ಪೂಜೆಗೆ ಸಮಯ ಇರಲಿಲ್ಲ. ಹಾಗೇ ಒರೆಸಿದೆ. ಹೋಯಿತು ಅಂತಲೇ ಅನ್ನಿಸಿತು. ಕುಂಬಳಕಾಯಿ ಒಡೆದು, ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಒಂದು ಸುತ್ತು ಹೋಗಿ ಬಂದೆವು. ಮೂರನೇ ದಿನ ನೋಡಿದರೆ ಬೂಷ್ಟು ಮತ್ತೆ ಎದ್ದಿದೆ. ಅದೂ ಬಟ್ಟೆ ಎಳೆದ ಗುರುತಿನ ಉದ್ದಕ್ಕೂ, ಗೆರೆ ಗೆರೆಯಾಗಿ. ಒಂದು ಕಡೆ ಇದ್ದ ಬೀಜವನ್ನು ನಾನೇ ನೀರು ಹಾಕಿ ಸೀಟಿನ ತುಂಬ ಬಿತ್ತಿದ್ದೆ.

ಆಮೇಲೆ ಸುಮ್ನೆ ಕೈ ಹಾಕಬಾರದು ಅಂತ ಕೂತು ಓದಿದೆ. ಕೆಲಸ ಮುಗಿಯಲು ಮೂರು ವಾರ ಹಿಡಿಯಿತು. ಮಲೆನಾಡಿನಲ್ಲಿ ಲೆದರ್ ಸೀಟಿನ ಕಾರು ಇಟ್ಟುಕೊಂಡವರಿಗೆ ಉಪಯೋಗ ಆಗಲಿ ಅಂತ ಎಲ್ಲವನ್ನೂ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು ಒಂದಿದೆ. ಕಾರಿನ ಸೀಟಿನಲ್ಲಿ ನಮ್ಮ ಕೈಗೆ ತಾಗುವುದು ಬರೀ ಚರ್ಮ ಅಲ್ಲ. ಚರ್ಮದ ಮೇಲೆ ಬಣ್ಣದ ಪದರ, ಅದರ ಮೇಲೆ ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ಕಿನ ತೆಳು ಪಾರದರ್ಶಕ ಪದರ ಇರುತ್ತದೆ. ಎಲ್ಲಾ ಸೇರಿ ಒಂದು ಕೂದಲೆಳೆಯಷ್ಟು ದಪ್ಪ ಇದ್ದರೆ ಹೆಚ್ಚು. ಸೀಟಿನ ಅಂದ ಇರುವುದು ಆ ಪದರದಲ್ಲೇ. ನಾವು ತೊಳೆಯುವುದೂ ಅದನ್ನೇ, ಉಜ್ಜಿ ಹಾಳು ಮಾಡುವುದೂ ಅದನ್ನೇ. ನಿಮ್ಮ ಸೀಟು ಯಾವ ಬಗೆಯದು ಅಂತ ತಿಳಿಯಲು ಕಾಣದ ಜಾಗದಲ್ಲಿ ಒಂದು ಹನಿ ನೀರು ಬಿಡಿ. ಹನಿ ಮುತ್ತಿನ ಹಾಗೆ ನಿಂತರೆ ಪದರ ಇದೆ. ಹೀರಿಕೊಂಡು ಕಪ್ಪಾದರೆ ಅದು ಪದರ ಇಲ್ಲದ ಲೆದರ್. ಅದಕ್ಕೆ ಇಲ್ಲಿ ಬರೆದ ರೀತಿ ಹೊಂದುವುದಿಲ್ಲ. ನಮ್ಮದರಲ್ಲಿ ಹನಿ ನಿಂತಿತು. ಇನ್ನೊಂದು ಮಾತು. ಲೆದರ್ ಸೀಟು ಅಂದರೂ ಬಹಳ ಕಾರುಗಳಲ್ಲಿ ಮೈ ತಾಗುವ ಜಾಗ ಮಾತ್ರ ಲೆದರ್ ಇರುತ್ತದೆ. ಪಕ್ಕ, ಬೆನ್ನು ಎಲ್ಲ ರೆಕ್ಸಿನ್. ನಮ್ಮದೂ ಹಾಗೇ. ಬೂಷ್ಟು ಲೆದರ್ ಮೇಲೆ ದಟ್ಟವಾಗಿತ್ತು, ರೆಕ್ಸಿನ್ ಮೇಲೆ ಅಲ್ಲೊಂದು ಇಲ್ಲೊಂದು.

ಮೊದಲ ಶನಿವಾರ ಕಾರನ್ನು ಕಾಫಿ ಕಣಕ್ಕೆ ತಂದೆ. ಕುಯ್ಲು ಶುರುವಾಗಿರಲಿಲ್ಲ, ಕಣ ಖಾಲಿ ಇತ್ತು. ನಾಲ್ಕೂ ಬಾಗಿಲು ತೆಗೆದು, ಬಿಸಿಲು ನೇರ ಬೀಳದ ಹಾಗೆ ಗೋಡೌನ್ ನೆರಳಿಗೆ ನಿಲ್ಲಿಸಿದೆ. ಮೂಗಿಗೆ ಎನ್95 ಮಾಸ್ಕ್, ಕೈಗೆ ಗ್ಲೌಸ್. ಇದನ್ನು ಬಿಡಬೇಡಿ. ಬೂಷ್ಟಿನ ಪುಡಿ ಉಸಿರಿಗೆ ಹೋದರೆ ಕೆಮ್ಮು, ಉಬ್ಬಸ ಇರುವವರಿಗೆ ಕಷ್ಟ. ವ್ಯಾಕ್ಯೂಮ್ ಕ್ಲೀನರ್ ಮೆಷಿನ್ನನ್ನು ಹೊರಗೇ ಇಟ್ಟು, ಪೈಪು ಮಾತ್ರ ಒಳಗೆ ಬಿಟ್ಟೆ. ಇಲ್ಲದಿದ್ದರೆ ಅದು ಮುಂದಿನಿಂದ ಎಳೆದ ಪುಡಿಯನ್ನು ಹಿಂದಿನಿಂದ ಕಾರಿನೊಳಗೇ ಊದುತ್ತದೆ.

ಕೆಲಸದ ನಡುವೆ ಒಂದು ಅನುಮಾನ ಬಂತು. ಡ್ರೈವರ್ ಸೀಟಿನ ಹೆಡ್‌ರೆಸ್ಟ್ ಮೇಲಿನ ಬಿಳಿ ಬೂಷ್ಟಿನ ಹಾಗೆ ಕಾಣಲಿಲ್ಲ. ನುಣುಪಾಗಿತ್ತು, ಮೇಣದ ಹಾಗೆ. ಹೇರ್ ಡ್ರೈಯರ್ ತಂದು ಸ್ವಲ್ಪ ದೂರದಿಂದ ಬಿಸಿ ಗಾಳಿ ಹಿಡಿದೆ. ಬಿಳಿ ಕರಗಿ ಮಾಯ ಆಯಿತು! ಬೂಷ್ಟು ಬಿಸಿಗೆ ಕರಗುವುದಿಲ್ಲ, ಜಿಡ್ಡು ಕರಗುತ್ತದೆ. ಇದು ಅಪ್ಪನ ತಲೆಯ ಕೊಬ್ಬರಿ ಎಣ್ಣೆ. ಹದಿನೈದು ವರ್ಷ ತಲೆ ಒರಗಿಸಿ ಒರಗಿಸಿ ಹೆಡ್‌ರೆಸ್ಟಿಗೆ ಇಳಿದದ್ದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ನಮ್ಮ ಕಡೆ ಬೆಳಗಿನ ಚಳಿಗೆ ಬಾಟಲಿಯೊಳಗೇ ಗಟ್ಟಿಯಾಗುವ ಎಣ್ಣೆ ಸೀಟಿನ ಮೇಲೂ ಗಟ್ಟಿಯಾಗಿತ್ತು, ಅಷ್ಟೇ. ಈ ಪರೀಕ್ಷೆ ನೆನಪಿಟ್ಟುಕೊಳ್ಳಿ. ಎರಡಕ್ಕೂ ಔಷಧಿ ಬೇರೆ.

ಎಣ್ಣೆಯ ವಿಷಯ ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಹೋದ ವರ್ಷ ಹಿಂದಿನ ಸೀಟು ಒಣಗಿದ ಹಾಗೆ ಕಾಣುತ್ತಿದೆ ಅಂತ ನಾನೇ ಕೊಬ್ಬರಿ ಎಣ್ಣೆ ಸವರಿದ್ದೆ. ಚಪ್ಪಲಿಗೆ ಹಚ್ಚುತ್ತೇವಲ್ಲ, ಸೀಟಿಗೂ ಆಗುತ್ತದೆ ಅಂದುಕೊಂಡಿದ್ದೆ. ಬೂಷ್ಟು ಎಲ್ಲಕ್ಕಿಂತ ದಟ್ಟವಾಗಿ ಬಂದದ್ದು ಅದೇ ಸೀಟಿಗೆ. ಮೇಲಿನ ಪದರ ಗಟ್ಟಿ ಇರುವ ಕಡೆ ಎಣ್ಣೆ ಒಳಗೆ ಇಳಿಯುವುದಿಲ್ಲ. ಮೇಲೇ ಕೂತು ದೂಳು ಹಿಡಿಯುತ್ತದೆ, ಬೂಷ್ಟಿಗೆ ಊಟ ಆಗುತ್ತದೆ. ಬೆವರು, ಜಿಡ್ಡು, ದೂಳು, ತೇವ ಇದ್ದರೆ ಬೂಷ್ಟಿಗೆ ಇನ್ನೇನೂ ಬೇಡ. ಅದಕ್ಕೂ ಹಿಂದೆ ಪೇಟೆಯ ಒಂದು ವಾಶಿಂಗ್ ಅಂಗಡಿಯವರು ಸೀಟಿಗೆ ಮಿರಮಿರ ಮಿಂಚುವ ಪಾಲಿಶ್ ಬಳಿದು ಕಳಿಸಿದ್ದರು. ಆ ಜಿಡ್ಡೂ ಕೆಳಗೆ ಹಾಗೇ ಇತ್ತು.

ಬೂಷ್ಟಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತರಿಸಿದೆ, ಶೇಕಡಾ 70ರದ್ದು. ಮೊದಲು ಹಿಂದಿನ ಸೀಟಿನ ಕೆಳಗಂಚಿನಲ್ಲಿ ಹತ್ತಿ ಅದ್ದಿ ಒರೆಸಿ ನೋಡಿದೆ. ಹತ್ತಿಗೆ ತೆಳ್ಳಗೆ ಕೆನೆ ಬಣ್ಣ ಅಂಟಿತು. ಅಂದರೆ ಪದರವೇ ಮೆತ್ತಗಾಗಿ ಕಿತ್ತು ಬರುತ್ತಿದೆ. ಸಮಪಾಲು ನೀರು ಬೆರೆಸಿ ಬೇರೆ ಜಾಗದಲ್ಲಿ ನೋಡಿದೆ. ಬಣ್ಣ ಬರಲಿಲ್ಲ. ಅದನ್ನೇ ಬಳಸಿದೆ. ಸೀಟಿಗೆ ಸ್ಪ್ರೇ ಹೊಡೆಯಲಿಲ್ಲ, ಬಟ್ಟೆಗೆ ಹಾಕಿಕೊಂಡು ಒರೆಸಿದೆ. ಒಂದು ಸಲ ಒರೆಸಿದ ಮುಖವನ್ನು ಇನ್ನೊಂದು ಕಡೆಗೆ ತಾಗಿಸಬಾರದು. ಬಟ್ಟೆ ಮಡಚಿ, ಮಗುಚಿ, ಗಲೀಜಾದ ಕೂಡಲೇ ಬಕೆಟ್ಟಿಗೆ ಹಾಕಿ ಹೊಸದು ತಗೊಂಡೆ. ಇಡೀ ಕಾರಿಗೆ 22 ಬಟ್ಟೆ ಹಿಡಿಯಿತು. ಹಳೇ ಬನಿಯನ್ ಕತ್ತರಿಸಿ ಇಟ್ಟುಕೊಂಡದ್ದು ಒಳ್ಳೆಯದಾಯಿತು. ಹೊಲಿಗೆಯ ಸಂದಿಗೆ ಮೆತ್ತನೆ ಟೂತ್ ಬ್ರಷ್. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆದು ಕ್ಲಿಪ್ ಹಾಕಿ ಹಿಡಿಸಿ, ಎರಡೂ ಮುಖ ಒರೆಸಿದೆ. ಆಲ್ಕೋಹಾಲ್‌ಗೆ ಬೆಂಕಿ ಹತ್ತುವುದು ಬೇಗ. ಬಾಗಿಲು ತೆರೆದೇ ಇರಲಿ, ಆ ಹೊತ್ತಿನಲ್ಲಿ ಹೇರ್ ಡ್ರೈಯರ್ ಬೇಡ.

ಬೂಷ್ಟು ಹೋದ ಮೇಲೆ ನಿಜವಾದ ಕೊಳೆ ಕಂಡಿತು. ಸೀಟು ಕೆನೆ ಬಣ್ಣ ಅಂತ ನಾವು ಅಂದುಕೊಂಡಿದ್ದೆವು. ಅದು ಟೀ ಬಣ್ಣಕ್ಕೆ ಬಂದು ಎಷ್ಟು ವರ್ಷ ಆಗಿತ್ತೋ.

ಇಲ್ಲಿ ಸೋಪಿನ ಪ್ರಶ್ನೆ ಬಂತು. ಮೈ ಸೋಪೋ, ಬಟ್ಟೆ ಪೌಡರೋ ಸಾಲದಾ ಅಂತ ಅಮ್ಮ ಕೇಳಿದರು. ಚರ್ಮವನ್ನು ಹದ ಮಾಡಿದ ಮೇಲೆ ಅದು ಸ್ವಲ್ಪ ಹುಳಿ ಕಡೆಗೇ ಇರುತ್ತದೆ. ಸೋಪು ಕ್ಷಾರ, ಚರ್ಮಕ್ಕೆ ಆಗಿಬರುವುದಿಲ್ಲ. ಅಮ್ಮನಿಗೆ ಪಿಎಚ್ ಅಂತೆಲ್ಲ ಹೇಳುವ ಬದಲು ಅಡುಗೆಮನೆಯಿಂದಲೇ ತೋರಿಸಿದೆ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಆರತಿ ನೀರು ಕೆಂಪಾಗುತ್ತದಲ್ಲ, ಅದು ಸುಣ್ಣದ ಕ್ಷಾರದಿಂದ. ಅದೇ ಲೆಕ್ಕ. ಮೂರು ಲೋಟದಲ್ಲಿ ಅರಿಶಿನದ ನೀರು ಇಟ್ಟೆ. ಒಂದಕ್ಕೆ ಮೈ ಸೋಪಿನ ನೀರು, ಇನ್ನೊಂದಕ್ಕೆ ಬಟ್ಟೆ ಪೌಡರ್, ಮೂರನೆಯದಕ್ಕೆ ತರಿಸಿದ್ದ ಲೆದರ್ ಕ್ಲೀನರ್. ಮೊದಲ ಎರಡು ಕೆಂಪಗಾದವು. ಮೂರನೆಯದು ಹಳದಿಯಾಗಿಯೇ ಉಳಿಯಿತು. ಅಮ್ಮ ಇನ್ನೊಂದು ಮಾತು ಆಡಲಿಲ್ಲ. ಲೆದರ್ ಕ್ಲೀನರ್ ಅಂತ ಬರೆದು ಮಾರುವ ಯಾವ ಬಾಟಲಿಯನ್ನಾದರೂ ಹೀಗೆ ನೋಡಬಹುದು. ಕೆಂಪಾದರೆ ನಾನಂತೂ ಸೀಟಿಗೆ ಹಾಕುವುದಿಲ್ಲ.

ಎರಡನೇ ದಿನ, ಭಾನುವಾರ, ತೊಳೆಯುವ ಕೆಲಸ. ಶೂ ಪಾಲಿಶಿನ ಹೊಸ ಬ್ರಷ್ ತಂದಿದ್ದೆ, ಕುದುರೆ ಕೂದಲಿನದು. ಪ್ಲಾಸ್ಟಿಕ್ ಎಳೆಯ ಬ್ರಷ್ಷಿಗಿಂತ ಎಷ್ಟೋ ಮೆತ್ತಗೆ. ಕ್ಲೀನರನ್ನು ಬ್ರಷ್ಷಿಗೆ ಹಾಕಿ, ಒಂದಡಿ ಅಗಲದ ಜಾಗ ಮಾತ್ರ ತಗೊಂಡು, ಭಾರ ಹಾಕದೆ ಸುತ್ತು ಸುತ್ತು ಆಡಿಸಿದೆ. ನೊರೆ ಏಳುತ್ತದೆ, ಕೊಳೆ ನೊರೆಗೆ ಬರುತ್ತದೆ. ನೊರೆ ಒಣಗುವ ಮೊದಲೇ ಒದ್ದೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಎತ್ತಬೇಕು. ಒಣಗಲು ಬಿಟ್ಟರೆ ಕೊಳೆ ಚರ್ಮದ ಗೆರೆಗಳಿಗೇ ವಾಪಸ್ ಕೂರುತ್ತದೆ. ಮೊದಲ ಬಕೆಟ್ ನೀರು ಡಿಕಾಕ್ಷನ್ ಬಣ್ಣಕ್ಕೆ ಬಂತು. ಹಿಂದಿನ ಸೀಟಿಗೆ ಮೂರು ಸಲ ಮಾಡಿದೆ. ಮೂರನೇ ಸಲ ಬಟ್ಟೆ ಬೆಳ್ಳಗೆ ಬಂದಾಗ ನಿಲ್ಲಿಸಿದೆ. ಬಟ್ಟೆ ಬೆಳ್ಳಗೆ ಬಂದ ಮೇಲೂ ಉಜ್ಜಿದರೆ ಕರಗುವುದು ಬಣ್ಣವೇ.

ಸೀಟಿನ ನಡುವೆ ಸಣ್ಣ ಸಣ್ಣ ತೂತು ಇರುವ ಭಾಗ ಇದೆಯಲ್ಲ, ಅಲ್ಲಿ ಬ್ರಷ್ಷನ್ನೂ ಬಳಸಲಿಲ್ಲ. ನೀರು ತೂತಿನಲ್ಲಿ ಇಳಿದು ಒಳಗಿನ ಸ್ಪಂಜಿಗೆ ಸೇರಿದರೆ ತೆಗೆಯುವುದು ಹೇಗೆ? ನೊರೆಯನ್ನು ಮಾತ್ರ ಬಟ್ಟೆಗೆ ತಗೊಂಡು ಒರೆಸಿದೆ.

ಹೆಡ್‌ರೆಸ್ಟ್ ಸುಲಭಕ್ಕೆ ಬಗ್ಗಲಿಲ್ಲ. ಎಣ್ಣೆ ಅಲ್ಲಿಯ ಪದರವನ್ನೇ ಮೆತ್ತಗೆ ಮಾಡಿತ್ತು. ಉಗುರು ತಾಗಿದರೆ ಗುರುತು ಬೀಳುತ್ತಿತ್ತು. ಕಿತ್ತು ತೆಗೆದು, ಮಡಿಲಲ್ಲಿ ಇಟ್ಟುಕೊಂಡು, ದಿನಕ್ಕೊಂದು ಸಲದಂತೆ ನಾಲ್ಕು ದಿನ ಮೆತ್ತಗೆ ತೊಳೆದು ಒಣಗಿಸಿದೆ. ಪ್ರತಿ ಸಲ ಒಣಗಿದ ಮೇಲೆ ಒಂದಿಷ್ಟು ಜಿಡ್ಡು ಒಳಗಿಂದ ಮೇಲೆ ಬರುತ್ತಿತ್ತು. ಈಗ ಅಂಟುವುದಿಲ್ಲ, ಆದರೆ ಬಣ್ಣ ಸ್ವಲ್ಪ ಗಾಢವಾಗಿಯೇ ಉಳಿದಿದೆ. ಅದರ ಮೇಲೆ ಹತ್ತಿ ಟವೆಲ್ ಹೊದಿಸಿದ್ದೇನೆ. ಹಳೇ ಕಾಲದ ಬಸ್ಸಿನ ಡ್ರೈವರ್‌ಗಳು ಸೀಟಿಗೆ ಟವೆಲ್ ಹಾಕುತ್ತಿದ್ದದ್ದು ಸರಿಯಾಗಿಯೇ ಇತ್ತು.

ತೊಳೆದು ಒಣಗಿದ ಮೇಲೆ ಸೀಟು ಮಿಂಚಲಿಲ್ಲ. ಮಂಕಾಗಿ, ಒಣ ಒಣ ಕಂಡಿತು. "ಹಾಳಾಯ್ತೇನೋ" ಅಂದರು ಅಪ್ಪ. ಇಲ್ಲ. ಹೊಸದಾಗಿದ್ದಾಗಲೂ ಅದು ಹಾಗೇ ಇತ್ತು. ಎಷ್ಟೋ ವರ್ಷದಿಂದ ನಾವು ನೋಡುತ್ತಿದ್ದ ಮಿಂಚು ಬೆವರು, ಎಣ್ಣೆ, ಪಾಲಿಶಿನದ್ದು. ಅಪ್ಪನ ಕೈ ಹಿಡಿದು ಸೀಟಿನ ಮೇಲೆ ಆಡಿಸಿದೆ. ಅವರ ಮುಖ ಸಡಿಲವಾಯಿತು.

ಇಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದೆ. ಹನ್ನೊಂದನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಮತ್ತೆ ಅದೇ ವಾಸನೆ. ಮುಂದಿನ ಎಡ ಸೀಟಿನ ಕೆಳಗಂಚಿನಲ್ಲಿ ಬೆರಳಗಲ ಬೂಷ್ಟು. ಬೇಜಾರಾಯಿತು. ಆದರೆ ಒಂದು ವಿಷಯ ಕಣ್ಣಿಗೆ ಬಿತ್ತು. ಈ ಸಲ ಬೂಷ್ಟು ಕೆಳಗಿನಿಂದ ಮೇಲಕ್ಕೆ ಬಂದಿತ್ತು. ಮಳೆ ನಿಂತು ವಾರ ಆಗಿದೆ, ಬಾಗಿಲು ದಿನಾ ತೆರೆಯುತ್ತಿದ್ದೇನೆ. ಹಾಗಾದರೆ ತೇವ ಎಲ್ಲಿಂದ?

ರಬ್ಬರ್ ಮ್ಯಾಟ್ ಎತ್ತಿ ಕಾರ್ಪೆಟ್ ಮುಟ್ಟಿದೆ. ಮೇಲೆ ಒಣಗಿದೆ. ಅಂಗೈ ಊರಿ ಒತ್ತಿದೆ. ಬೆರಳ ಸಂದಿಯಲ್ಲಿ ನೀರು ಬಂತು! ಬಾಗಿಲ ಕೆಳಗಿನ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ ಕಾರ್ಪೆಟ್ ಎತ್ತಿದರೆ ಕೆಳಗೆ ಎರಡು ಬೆರಳು ದಪ್ಪದ ಸ್ಪಂಜು. ಹಿಂಡಿದಷ್ಟೂ ನೀರು. ಇಡೀ ಮಳೆಗಾಲದ ನೀರು ಅಲ್ಲಿ ಕೂತಿತ್ತು. ಮೇಲೆ ನಾನು ಸೀಟು ಉಜ್ಜುತ್ತಿದ್ದೆ, ಕೆಳಗಿನಿಂದ ಅದು ದಿನಾ ಹಬೆ ಕೊಡುತ್ತಿತ್ತು. ಕಾಫಿಯವರಾದ ನಮಗೆ ಇದು ಮೊದಲೇ ಹೊಳೆಯಬೇಕಿತ್ತು. ಪಾರ್ಚ್‌ಮೆಂಟ್ ಕಾಫಿಯನ್ನು, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಬೀಜವನ್ನು, ತೇವಾಂಶ ಶೇಕಡಾ 10ರ ಸುಮಾರಿಗೆ ಬರುವಷ್ಟು ಒಣಗಿಸದೆ ಚೀಲಕ್ಕೆ ತುಂಬಿದರೆ, ಮೇಲೆ ಎಷ್ಟು ಚೊಕ್ಕ ಇದ್ದರೂ ಒಳಗೆ ಬೂಷ್ಟು ಬರುತ್ತದೆ. ಅದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ.

ನೀರು ಬಂದ ದಾರಿ ಹುಡುಕಿದೆ. ಬಾನೆಟ್ ತೆಗೆದು, ವೈಪರಿನ ಬುಡದಲ್ಲಿರುವ ಕಪ್ಪು ಜಾಲರಿ ಬಿಚ್ಚಿದೆ. ಮುಂದಿನ ಗಾಜಿನ ಮೇಲೆ ಬಿದ್ದ ನೀರು ಅಲ್ಲಿಗೆ ಇಳಿದು, ಒಂದು ತೂತಿನಿಂದ ನೆಲಕ್ಕೆ ಹೋಗಬೇಕು. ಅಲ್ಲಿ ಸಿಲ್ವರ್ ಓಕ್ ಎಲೆ ಕೊಳೆತು ಗೊಬ್ಬರ ಆಗಿತ್ತು. ತೋಟದಲ್ಲಿ ನೆರಳಿಗೆ ಇರುವ ಮರವೇ ಅದು, ಎಲೆ ಉದುರದ ಜಾಗ ಇಲ್ಲ. ತೂತು ಪೂರ್ತಿ ಕಟ್ಟಿತ್ತು. ನಿಂತ ನೀರು ಮೇಲೇರಿ ಎಸಿ ಗಾಳಿಯ ಫಿಲ್ಟರ್ ದಾರಿಯಲ್ಲಿ ಒಳಗೆ ಇಳಿದಿದೆ. ಫಿಲ್ಟರ್ ಕಪ್ಪಗೆ, ಒದ್ದೆ ರಟ್ಟಿನ ಹಾಗೆ ಕೈಗೆ ಬಂತು. ಇನ್ನೊಂದು ಕಾರಣ ನಮ್ಮ ಶೆಡ್ಡು. ಅದು ಜೀಪಿಗೆ ಅಂತ ಕಟ್ಟಿದ್ದು. ಕಾರು ಉದ್ದ, ಮೂತಿ ಹೊರಗೆ ಉಳಿಯುತ್ತದೆ. ಶೀಟಿನ ಅಂಚಿನಿಂದ ಸುರಿಯುವ ನೀರು ಸರಿಯಾಗಿ ಗಾಜಿನ ಬುಡಕ್ಕೇ ಬೀಳುತ್ತಿತ್ತು.

ಅರ್ಧ ಬಕೆಟ್ ಎಲೆ ಮಣ್ಣು ತೆಗೆದೆ. ತೂತಿನ ರಬ್ಬರ್ ಬಾಯಿಯನ್ನು ಬೆರಳಿನಿಂದ ಬಿಡಿಸಿದೆ. ಚೊಂಬಿನಲ್ಲಿ ನೀರು ಹೊಯ್ದರೆ ಗಳಗಳ ಅಂತ ಕಾರಿನ ಅಡಿಗೆ ಬಿತ್ತು. ಈ ಮೂರು ವಾರದಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಸದ್ದು ಅದು.

ಸ್ಪಂಜು ಒಣಗಿಸಲು ಐದು ದಿನ ಬೇಕಾಯಿತು. ಸೀಟು ಬಿಚ್ಚಲಿಲ್ಲ. ಸೀಟಿನ ಅಡಿಯಲ್ಲಿ ಹಳದಿ ಕನೆಕ್ಟರ್ ಇದ್ದರೆ ಅದು ಏರ್‌ಬ್ಯಾಗಿನದು, ಗೊತ್ತಿಲ್ಲದೆ ಎಳೆಯಬಾರದು. ಕಾರ್ಪೆಟ್ ಅಂಚನ್ನು ಎತ್ತಿ ಕೆಳಗೆ ಮರದ ತುಂಡು ಕೊಟ್ಟು, ಹಳೇ ಟವೆಲ್‌ಗಳಿಂದ ನೀರು ಹೀರಿಸಿ, ಟೇಬಲ್ ಫ್ಯಾನ್ ಇಟ್ಟೆ. ಬೆಳಿಗ್ಗೆ ಬಿಸಿಲು ಬಂದಾಗ ಕಾರನ್ನು ಕಣಕ್ಕೆ, ಸಂಜೆ ಮಂಜು ಇಳಿಯುವ ಮೊದಲು ಒಳಗೆ. ಗಾಳಿಯ ತೇವವನ್ನು ಶೇಕಡಾ ಲೆಕ್ಕದಲ್ಲಿ ತೋರಿಸುವ ಸಣ್ಣ ಮೀಟರ್ ಒಂದನ್ನು ಸೀಟಿನ ಮೇಲೆ ಇಟ್ಟಿದ್ದೆ. ಮೊದಲ ದಿನ ಬೆಳಿಗ್ಗೆ 84 ತೋರಿಸಿತು. ಐದನೇ ದಿನ 61. ಎಪ್ಪತ್ತು ದಾಟಿ ದಿನಗಟ್ಟಲೆ ನಿಂತರೆ ಬೂಷ್ಟಿಗೆ ಅನುಕೂಲ. ಅದಕ್ಕಿಂತ ಕೆಳಗೆ ಇಟ್ಟುಕೊಳ್ಳಬೇಕು.

ಇನ್ನು ಲೆದರ್ ಕಂಡೀಷನರ್, ಅಂದರೆ ಸೀಟಿಗೆ ಸವರುವ ಕ್ರೀಮ್. ಅದನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ಬೂಷ್ಟು ಪೂರ್ತಿ ಹೋಯಿತು ಅಂತ ಖಾತ್ರಿ ಆಗುವ ಮೊದಲು ಹಚ್ಚಿದರೆ ಅದೂ ಬೂಷ್ಟಿಗೆ ಊಟವೇ. ಲೆದರಿನ ಮೆತ್ತನೆ ಗುಣ ಹದ ಮಾಡುವಾಗ ಒಳಗೆ ಹಾಕಿದ ಕೊಬ್ಬಿನಿಂದ ಬರುತ್ತದೆ. ನಾವು ಮೇಲಿನಿಂದ ಹಚ್ಚಿ ಅದನ್ನು ತುಂಬುತ್ತೇವೆ ಅನ್ನುವುದು ಈ ಬಗೆಯ ಸೀಟಿನಲ್ಲಿ ಹೆಚ್ಚು ನಡೆಯುವುದಿಲ್ಲ. ಆದರೂ ಉಪಯೋಗ ಇದೆ. ಬಟ್ಟೆ ಉಜ್ಜುವುದು ಕಡಿಮೆಯಾಗುತ್ತದೆ. ಜೀನ್ಸಿನ ನೀಲಿ ಬೇಗ ಅಂಟುವುದಿಲ್ಲ. ನೀರಿನಲ್ಲಿ ಬೆರೆತ ಬಗೆಯ, ಎಣ್ಣೆ ಜಿಡ್ಡಿಲ್ಲದ ಕ್ರೀಮ್ ತಗೊಂಡೆ. ಒಂದು ಸೀಟಿಗೆ ಒಂದು ಚಮಚಕ್ಕಿಂತ ಕಡಿಮೆ. ತೆಳ್ಳಗೆ ಸವರಿ, ಇಪ್ಪತ್ತು ನಿಮಿಷ ಬಿಟ್ಟು, ಒಣ ಬಟ್ಟೆಯಲ್ಲಿ ಒರೆಸಿದೆ. ಕೈಗೆ ಏನೂ ಅಂಟಬಾರದು.

ಡ್ರೈವರ್ ಸೀಟಿನ ಪಕ್ಕದ ಉಬ್ಬು, ಹತ್ತಿ ಇಳಿಯುವಾಗ ಉಜ್ಜುವ ಜಾಗ, ಅಲ್ಲಿ ಬಣ್ಣ ಹೋಗಿ ಸಣ್ಣ ಬಿರುಕು ಬಿಟ್ಟಿದೆ. ಅದು ತೊಳೆದರೆ ಹೋಗುವುದಲ್ಲ. ನುಣುಪಾದ ಸ್ಯಾಂಡ್‌ಪೇಪರಿನಿಂದ ಉಜ್ಜಿ, ಬಿರುಕಿಗೆ ಫಿಲ್ಲರ್ ತುಂಬಿ, ಹೊಂದುವ ಬಣ್ಣ ಸ್ಪಂಜಿನಲ್ಲಿ ತಟ್ಟಿ, ಮೇಲೆ ಪಾರದರ್ಶಕ ಪದರ ಕೊಡಬೇಕು. ಕಾಫಿ ಕುಯ್ಲು ಮುಗಿಯಲಿ, ಫೆಬ್ರವರಿಯಲ್ಲಿ ಮಾಡುತ್ತೇನೆ.

ಶೆಡ್ಡಿಗೆ ಮುಂದೆ ನಾಲ್ಕು ಅಡಿ ಶೀಟು ಹಾಕಿಸಿದೆವು. ವೈಪರಿನ ಜಾಲರಿ ಕೆಳಗೆ ತಿಂಗಳಿಗೊಮ್ಮೆ ಕೈ ಹಾಕುವುದು ನನ್ನ ಕೆಲಸ. ವಾರಕ್ಕೊಮ್ಮೆ ಅಪ್ಪನನ್ನು ಕೂರಿಸಿಕೊಂಡು ಚಿಕ್ಕಮಗಳೂರಿಗೆ ಹೋಗಿ ಬರುತ್ತೇನೆ. ಎಸಿ ಹಾಕಿದರೆ ಒಳಗಿನ ತೇವ ಇಳಿಯುತ್ತದೆ, ಅವರಿಗೂ ಮನೆಯಿಂದ ಹೊರಗೆ ಬಂದ ಹಾಗಾಗುತ್ತದೆ.

ಹಿಂದಿನ ಸೀಟಿನ ಬಲಗಡೆ ಒಂದು ಕಲೆ ಮಾತ್ರ ಉಳಿದಿದೆ. ಅಂಗೈಯಷ್ಟು ಅಗಲ, ಇಟ್ಟಿಗೆ ಕೆಂಪು. ತಾತ ಅಲ್ಲೇ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಅಡಿಕೆಯ ಒಗರು, ಸುಣ್ಣದ ಕ್ಷಾರ ಎರಡೂ ಸೇರಿ ಪದರ ದಾಟಿ ಒಳಗೆ ಹೋಗಿದೆ. ಕ್ಲೀನರಿನಲ್ಲಿ ಅರ್ಧ ತಿಳಿಯಾಯಿತು. ಇನ್ನೂ ಒಂದು ಸಲ ನೋಡೋಣ ಅಂತ ಬ್ರಷ್ ತಗೊಂಡೆ. ಅಪ್ಪ ಬಾಗಿಲ ಹತ್ತಿರ ನಿಂತಿದ್ದರು. "ಅದೊಂದು ಇರ್ಲಿ ಬಿಡೋ" ಅಂದರು. ಬ್ರಷ್ ತೊಳೆದು ಒಣಗಲು ಇಟ್ಟೆ.